ಹತ್ತೊಂಬತ್ತು ಮನೆ, ಒಂದು ಹಸಿರು ಸೀರೆ

ಇಪ್ಪತ್ತು ಹೆಂಗಸರು ಒಂದೇ ಬಣ್ಣದ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಿಮೆಂಟಿನ ಆನೆಯ ಹೊಟ್ಟೆಯೊಳಗಿಂದ ಒಬ್ಬರ ಹಿಂದೊಬ್ಬರು ಚೀರುತ್ತಾ ಜಾರಿ ಬರುವುದನ್ನು ನೀವು ಎಂದಾದರೂ ನೋಡಿದ್ದೀರಾ?

ನಾನು ನೋಡಿದ್ದೇನೆ. ನೋಡುವುದೇನು, ಆ ಇಪ್ಪತ್ತರಲ್ಲಿ ನಾನೂ ಒಬ್ಬಳು. (ವಯಸ್ಸು ಐವತ್ತೆರಡು, ಮೊಣಕಾಲು ನೋವು, ಹೈಸ್ಕೂಲಿನಲ್ಲಿ ಮಕ್ಕಳಿಗೆ ಶಿಸ್ತು ಕಲಿಸುವ ಕೆಲಸ. ಇರಲಿ.) ನಮ್ಮ ಜೊತೆ ಇಪ್ಪತ್ತೊಂದನೆಯವಳೂ ಬಂದಿದ್ದಳು. ಅವಳು ಜಾರಲಿಲ್ಲ. ಕೆಳಗೆ ಬೆಂಚಿನ ಮೇಲೆ ನಮ್ಮೆಲ್ಲರ ಚೀಲ, ಚಪ್ಪಲಿ, ಕನ್ನಡಕ ಕಾಯುತ್ತಾ ಕೂತಿದ್ದಳು.

ಈ ವಾರ ನಮ್ಮ ಸವದತ್ತಿ ಬಸ್ ಸ್ಟ್ಯಾಂಡಿನ ಕುಡಿಯುವ ನೀರಿನ ನಳದ ಬಗ್ಗೆ ಬರೆಯಬೇಕೆಂದು ಕೂತಿದ್ದೆ. ಎರಡು ಸಾಲು ಬರೆದೆ, ಹೊಡೆದು ಹಾಕಿದೆ. ಮೂರು ವಾರದಿಂದ ಮನಸ್ಸಿಗೆ ಸಮಾಧಾನವಿಲ್ಲ. ತಪ್ಪು ಮಾಡಿದವರು ನಿದ್ದೆಗೆಡುತ್ತಾರೆ ಎನ್ನುವುದು ಸುಳ್ಳು, ನಿದ್ದೆ ಬರುತ್ತದೆ. ಬೆಳಿಗ್ಗೆ ಎದ್ದು ಚಹಾ ಮಾಡುವಾಗ ಮಾತ್ರ ಆ ಬೆಂಚು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ನೀವೇನು ಹೊಸಬರೇ? ವಾರವಾರವೂ ನನ್ನ ಜಂಬ, ನನ್ನ ಜಗಳ ಎಲ್ಲ ಓದುತ್ತೀರಿ. ಇದನ್ನೂ ಓದಿಬಿಡಿ.

ನಮ್ಮ ಓಣಿಯಲ್ಲೊಂದು ಮಹಿಳಾ ಮಂಡಳವಿದೆ. ಗುರುವಾರ ಮಧ್ಯಾಹ್ನ ಸೇರುತ್ತೇವೆ. ಭಜನೆ ಅರ್ಧ ತಾಸು, ಚೂಡಾ ಚಹಾ ಒಂದು ತಾಸು. ಅಧ್ಯಕ್ಷರು ಸರೋಜಕ್ಕ. ಹತ್ತಿರದ ಹೂಲಿಯಲ್ಲಿ ಹೊಲ, ಊರಲ್ಲಿ ಎರಡಂತಸ್ತಿನ ಮನೆ, ದನಿ ಮಾತ್ರ ಮೂರಂತಸ್ತಿನದು. ಮನಸ್ಸು ಒಳ್ಳೆಯದು. ಪುಣೆಯ ತಂಗಿಯ ಮನೆಗೆ ಹೋಗಿ ಬಂದಾಗಲೆಲ್ಲ ಏನಾದರೊಂದು ಹೊಸತು ತರುತ್ತಾರೆ. ಈ ಸಲ ತಂದದ್ದು ಒಂದು ಶಬ್ದ.

"ಥೀಮ್ ಅಂತಾರ್ರಿ ಅದಕ್ಕ. ಪಿಕ್‌ನಿಕ್‌ಗೆ ಹೋದ್ರೂ ಎಲ್ಲಾರೂ ಒಂದ ಬಣ್ಣದ್ದು ಉಡತಾರ. ನಾವೇನ ಕಡಿಮಿ ಅದೀವೇನ್ರಿ?"

ಕಡಿಮೆ ಇದ್ದೇವೆ ಎಂದು ಯಾರು ಒಪ್ಪುತ್ತಾರೆ? ಹುಬ್ಬಳ್ಳಿ ಕಡೆ ಹೊಸದಾಗಿ ಆಗಿದ್ದ ಪಾರ್ಕಿಗೆ ಹೋಗುವುದೆಂದು ಆಗಲೇ ಮಾತಾಗಿತ್ತು. ಬೆಳಿಗ್ಗೆ ಹೊರಟು ನೀರು, ಜಾರುಬಂಡಿ, ಆನೆ, ರಾಕ್ಷಸನ ಗುಹೆ ಎಲ್ಲ ಮುಗಿಸಿ ಸಂಜೆಗೆ ಹೂಲಿಯ ಸರೋಜಕ್ಕನ ಹೊಲದಲ್ಲಿ ಸೀತನಿ ಪಾರ್ಟಿ. ಎಳ್ಳ ಅಮಾವಾಸ್ಯೆ ಮುಗಿದಿತ್ತು, ಸಂಕ್ರಾಂತಿ ಇನ್ನೂ ಬಂದಿರಲಿಲ್ಲ. ಜೋಳದ ತೆನೆಯಲ್ಲಿ ಹಾಲು ತುಂಬಿ ಕಾಳು ಇನ್ನೂ ಎಳೆಯದಾಗಿರುವ ನಾಲ್ಕು ದಿನ ಅವು. ಆ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಕೇರಿ, ಬಿಸಿಬಿಸಿ ಕಾಳನ್ನು ಶೇಂಗಾ ಹಿಂಡಿ, ಬೆಲ್ಲ, ಮೊಸರಿನ ಜೊತೆ ತಿನ್ನುವುದೇ ಸೀತನಿ. ಆ ನಾಲ್ಕು ದಿನ ತಪ್ಪಿದರೆ ಕಾಳು ಬಲಿತುಬಿಡುತ್ತದೆ, ಮತ್ತೆ ಮುಂದಿನ ವರ್ಷವೇ.

ಈ ಇಡೀ ಕಾರ್ಯಕ್ರಮದ ಯಜಮಾನಿಕೆ ವಹಿಸಿದವಳು ಕಸ್ತೂರಿ. ಅವಳ ಬಗ್ಗೆ ಹೇಳಬೇಕು.

ಕಸ್ತೂರಿಗೆ ನಲವತ್ತೊಂದೋ ನಲವತ್ತೆರಡೋ. ಓಣಿಯ ಮೂಲೆಯಲ್ಲಿ ಎಸ್‌ಟಿಡಿ ಬೂತು ನಡೆಸುತ್ತಾಳೆ. ಆರು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಬೂತಿನ ಬಾಗಿಲು ಹದಿನೈದೇ ದಿನ ಮುಚ್ಚಿತ್ತು, ಹದಿನಾರನೆಯ ದಿನ ಇವಳೇ ತೆಗೆದು ಕೂತಳು. ಮಗಳು ಧಾರವಾಡದ ಹಾಸ್ಟೆಲಿನಲ್ಲಿ ಓದುತ್ತಾಳೆ, ಮನೆಯಲ್ಲಿ ಅತ್ತೆ ಇದ್ದಾರೆ. ಮೊಬೈಲು ಬಂದ ಮೇಲೆ ಬೂತಿಗೆ ಮೊದಲಿನ ಗದ್ದಲವಿಲ್ಲ. ಆದರೆ ಗಾಡಿ ಗೊತ್ತುಪಡಿಸುವುದು, ಯಾರಿಗೆ ಯಾವ ಸೀಟು, ಯಾರಿಗೆ ವಾಂತಿಯಾಗುತ್ತದೆ, ಯಾರು ಬೆಳ್ಳುಳ್ಳಿ ತಿನ್ನುವುದಿಲ್ಲ, ಇವನ್ನೆಲ್ಲ ಅವಳ ಹಾಗೆ ಮಾಡುವವರು ಇನ್ನೊಬ್ಬರಿಲ್ಲ. ಪಾರ್ಕಿನ ಬಣ್ಣದ ಕಾಗದವನ್ನು ಎಲ್ಲಿಂದಲೋ ತರಿಸಿ ಬೂತಿನ ಗೋಡೆಗೆ ಅಂಟಿಸಿದ್ದಳು. ಅದರ ಪಕ್ಕದಲ್ಲಿ ಹೊರಡುವವರ ಯಾದಿ. ಬಂದವರಿಗೆಲ್ಲ ಆನೆಯನ್ನು ತೋರಿಸುವುದು.

"ನೋಡ್ರಿ ಅಕ್ಕಾರ, ಈ ಆನಿ ಹೊಟ್ಟಿಯೊಳಗಿಂದ ಮದಲ ಜಾರಾಕಿ ನಾನ. ನನಕಿಂತ ಮದಲ ಯಾರೂ ಹತ್ತಬ್ಯಾಡ್ರಿ ಮತ್ತ."

(ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರೆಲ್ಲ 'ಅಕ್ಕಾರು'. ನಾನು ಅವಳ ಮಗಳಿಗೂ ಕಲಿಸಿದ್ದೇನೆ.)

ಸರಿ, ಬಣ್ಣ ಯಾವುದು? ಗುರುವಾರದ ಸಭೆಯಲ್ಲಿ ಗುದ್ದಾಟವೇ ಆಯಿತು. ಕೆಂಪು ಎಂದರೆ "ಹೋಳಿ ಹುಣ್ಣಿವಿ ಬಂತೇನು?" ಎಂದರು. ಹಳದಿ ಎಂದರೆ "ಮೈತುಂಬ ಭಂಡಾರ ಬಡಕೊಂಡಂಗ ಕಾಣತೀವಿ" ಎಂದರು. ಕಪ್ಪು ಎಂದವಳಿಗೆ "ನಮ್ಮತ್ತಿ ಹೊಸ್ತಿಲಾ ದಾಟಿ ಹೊರಗ ಬಿಡೂದಿಲ್ಲ" ಎಂಬ ಉತ್ತರ ಬಂತು. ಚೂಡಾ ಮುಗಿಯುತ್ತಾ ಬಂದಿತ್ತು, ಬಣ್ಣ ಮುಗಿದಿರಲಿಲ್ಲ. ಆಗ ಹಿಂದಿನ ಸಾಲಿನಿಂದ ಕಸ್ತೂರಿ ಸಣ್ಣ ದನಿಯಲ್ಲಿ ಹೇಳಿದಳು.

"ಹಸರ ಆದ್ರ ನಡೀತೈತೇನ್ರಿ? ಸಂಜಿ ಮುಂದ ಸೀತನಿ ತಿನ್ನಾಕ ಹೊಂಟೀವಿ. ತೆನಿನೂ ಹಸರ, ನಾವೂ ಹಸರ."

ಎಲ್ಲರೂ ಚಪ್ಪಾಳೆ ಹೊಡೆದರು. ಹಸಿರು ಇಲ್ಲದ ಟ್ರಂಕು ನಮ್ಮ ಕಡೆ ಯಾವ ಮನೆಯಲ್ಲಿದೆ? ಹಸಿರು ಸೀರೆ, ಹಸಿರು ಬಳೆ ಎಂದರೆ ಮದುವೆ, ಸೀಮಂತ, ಮುತ್ತೈದೆತನ. ಹಾಗಾಗಿ ಎಲ್ಲರ ಹತ್ತಿರವೂ ಇದ್ದೇ ಇರುತ್ತದೆ.

ನಾನೂ ಚಪ್ಪಾಳೆ ಹೊಡೆದೆ. ಮನೆಗೆ ಬಂದು ರೊಟ್ಟಿ ಬಡಿಯಲು ಕೂತಾಗ ನನಗೆ ಹೊಳೆಯಿತು. ಅಯ್ಯೋ, ಕಸ್ತೂರಿ ಹೇಗೆ ಹಸಿರು ಉಡುತ್ತಾಳೆ? ಆರು ವರ್ಷದಿಂದ ಅವಳು ಉಡುವುದು ಕಂದು, ಬೂದು, ಮಾಸಲು ನೀಲಿ. ಹೀಗೆಯೇ ಉಡು ಎಂದು ಯಾರೂ ಕಡ್ಡಾಯ ಮಾಡಿಲ್ಲ. ಯಾರೂ ಮಾಡಬೇಕಾಗಿಯೂ ಇಲ್ಲ, ಓಣಿಯ ಕಣ್ಣುಗಳೇ ಸಾಕು. ಪಾಪ, ಎಲ್ಲರ ಬಗ್ಗೆ ಯೋಚಿಸುವ ಭರದಲ್ಲಿ ತನ್ನನ್ನೇ ಮರೆತು ಹೇಳಿದ್ದಾಳೆ ಎಂದುಕೊಂಡೆ. ಈಗ ಹಿಂದೆ ಸರಿಯಲೂ ಆಗದು, ಉಡಲೂ ಆಗದು. ಕೊನೆಗೆ ಹೊಟ್ಟೆನೋವೆಂದು ನೆಪ ಹೇಳಿ ಉಳಿದುಬಿಡುತ್ತಾಳೆ. ಇಡೀ ಟ್ರಿಪ್ಪು ಕಟ್ಟಿದವಳೇ ಇಲ್ಲದೆ ನಾವು ಹೋಗುವುದೇ?

ಒಂದು ರೊಟ್ಟಿ ಹೊತ್ತಿತು. ಆದರೆ ನನಗೆ ಪರಿಹಾರ ಸಿಕ್ಕಿತ್ತು.

ಮರುದಿನ ಸಾಲೆ ಬಿಟ್ಟ ಮೇಲೆ ನೇರ ಸರೋಜಕ್ಕನ ಮನೆಗೆ ಹೋದೆ. "ಹಸರ ಬ್ಯಾಡ್ರಿ. ಕಸ್ತೂರಿ ಹೆಂಗ ಉಟ್ಟಾಳ್ರಿ?" ಎಂದೆ. ಸರೋಜಕ್ಕ ಹಣೆ ಬಡಿದುಕೊಂಡರು.

"ಅಯ್ಯ ಶಿವನ! ನನಗ ಹೊಳೀಲೇ ಇಲ್ಲ ನೋಡ್ರಿ. ನೀವು ಕಲಿತವ್ರು, ನಿಮಗ ಹೊಳೀತು. ನೀಲಿ ಮಾಡೂಣು. ನೀಲಿ ಎಲ್ಲಾರಿಗೂ ನಡೀತೈತಿ."

ಅಲ್ಲಿಂದ ಶುರುವಾಯಿತು ನನ್ನ ದಿಗ್ವಿಜಯ. ನಾಲ್ಕು ಸಂಜೆ ಮನೆಮನೆ ತಿರುಗಿದೆ. ಪ್ರತಿ ಮನೆಯಲ್ಲೂ ದನಿ ತಗ್ಗಿಸಿ ವಿಷಯ ಹೇಳಿ, "ನೀಲಿ ಆದ್ರ ನಿಮಗ ನಡೀತೈತೇನ್ರಿ?" ಎಂದು ಕೇಳಿದೆ. ಫೋನು ಮಾಡಬಹುದಿತ್ತು, ಆದರೆ ಇಂಥ ಮಾತು ಫೋನಿನಲ್ಲಿ ಆಡುವಂಥದ್ದಲ್ಲವಲ್ಲ. ಬೂತಿನ ಮುಂದೆ ಹಾಯುವಾಗ ಮಾತ್ರ ಛತ್ರಿ ಅಡ್ಡ ಹಿಡಿದು ನಡೆದೆ. ಒಬ್ಬಾಕೆ ಆಗಲೇ ಹಸಿರು ಸೀರೆಗೆ ಫಾಲ್ ಹಚ್ಚಿಸಿದ್ದಳು. ವಿಷಯ ಕೇಳಿ ಕಣ್ಣೊರೆಸಿಕೊಂಡು ಅವಳೂ ಒಪ್ಪಿದಳು. ಇನ್ನೊಬ್ಬಾಕೆ, "ನಿಮ್ಮಂಥಾ ಮನಸು ಯಾರಿಗೈತ್ರಿ ಅಕ್ಕಾರ" ಎಂದು ನನಗೊಂದು ಶೇಂಗಾ ಹೋಳಿಗೆ ಕೊಟ್ಟಳು. ತಿಂದೆ. ತುಂಬ ರುಚಿಯಾಗಿತ್ತು.

ಹತ್ತೊಂಬತ್ತು ಮನೆ. ಒಬ್ಬರೂ ಇಲ್ಲ ಎನ್ನಲಿಲ್ಲ. ನಮ್ಮೂರ ಹೆಂಗಸರ ಬಗ್ಗೆ ನನಗೆ ಹೆಮ್ಮೆಯಾಯಿತು. ನನ್ನ ಬಗ್ಗೆ ಅದಕ್ಕಿಂತ ತುಸು ಹೆಚ್ಚು.

ನಮ್ಮ ಮನೆಯವರಿಗೆ ಈ ಕತೆಯನ್ನು ಊಟಕ್ಕೆ ಬಡಿಸುತ್ತಾ ಹೇಳಿದೆ. ಅವರು ಮಾತು ಕಡಿಮೆಯ ಮನುಷ್ಯ. ಪಲ್ಯ ಕಲಸಿಕೊಳ್ಳುತ್ತಾ ಒಂದೇ ಕೇಳಿದರು.

"ಅಲ್ಲ, ಆಕೀನ್ನ ಕೇಳಿದೇನು?"

"ಇಂಥಾದ್ದನ್ನ ಹೆಂಗ ಕೇಳೂದ್ರಿ? ಆಕಿ ಮನಸಿಗೆ ಎಷ್ಟು ನೋವಾಗತೈತಿ, ನಿಮಗ್ಹೆಂಗ ತಿಳೀಬೇಕು!"

ಅವರು ಮಜ್ಜಿಗೆ ಕೇಳಿದರು. ಗಂಡಸರಿಗೆ ಸೂಕ್ಷ್ಮ ಎನ್ನುವುದು ತಿಳಿಯುವುದಿಲ್ಲ ಎಂದುಕೊಂಡು ನಾನು ತಾಟು ಎತ್ತಿದೆ.

ಐದನೆಯ ದಿನ ಬೂತಿಗೆ ಹೋದೆ. ಕಸ್ತೂರಿ ಬಟ್ಟೆಯಿಂದ ಫೋನು ಒರೆಸುತ್ತಿದ್ದಳು.

"ಕಸ್ತೂರಿ, ಬಣ್ಣ ಬದಲಿ ಆತವಾ. ಹಸರ ಬ್ಯಾಡ, ನೀಲಿ ಅಂತ ಆಗೇತಿ."

ಒರೆಸುತ್ತಿದ್ದ ಕೈ ನಿಂತಿತು. "ಯಾಕ್ರಿ ಅಕ್ಕಾರ?"

"ಭಾಳ ಮಂದಿ ಹತ್ತರ ಹಸರ ಇಲ್ಲಂತ."

"ಯಾರ ಹತ್ತರ ಇಲ್ರಿ? ಸರೋಜಕ್ಕನ ಹತ್ತರನ ಆರು ಅದಾವು."

"ಇರಲಿ ಬಿಡವಾ, ನೀಲಿ ನಿನಗೂ ಛಲೋ ಒಪ್ಪತೈತಿ" ಎಂದೆ. ಅವಳು "ಆತ್ರಿ" ಎಂದು ಗೋಡೆಯ ಯಾದಿಯ ಹತ್ತಿರ ಹೋಗಿ, ಮೇಲೆ ಬರೆದಿದ್ದ 'ಹಸಿರು' ಎಂಬುದನ್ನು ಪೆನ್ಸಿಲಿನಿಂದ ಹೊಡೆದು, ಪಕ್ಕದಲ್ಲಿ 'ನೀಲಿ' ಎಂದು ಬರೆದಳು. ಬರೆದು ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಗೋಡೆಗೇ ಮುಖ ಮಾಡಿ ನಿಂತಿದ್ದಳು. ನೀಲಿ ಎಂದಾದದ್ದಕ್ಕೆ ಕಣ್ತುಂಬಿ ಬಂದಿರಬೇಕು, ನನಗೆ ತೋರಿಸಲು ಸಂಕೋಚ ಎಂದು ತಿಳಿದೆ. ಇಷ್ಟು ವರ್ಷ ಮಕ್ಕಳ ಮುಖ ನೋಡಿ ಸುಳ್ಳು ಹಿಡಿಯುವ ಅಕ್ಕಾರ ಬುದ್ಧಿ ಇಷ್ಟೇ ನೋಡಿ.

ಹೊರಡುವ ದಿನ ಬಂತು. ಬೆಳಿಗ್ಗೆ ಆರಕ್ಕೆ ಗಾಡಿ. ಕಸ್ತೂರಿ ಯಾದಿ ಹಿಡಿದು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಹತ್ತಿಸಿದಳು. ಹಳೆಯ ಮಾಸಲು ನೀಲಿ ಸೀರೆ. ನಾನು ಅವಳ ಬೆನ್ನು ತಟ್ಟಿದೆ. ಧಾರವಾಡ ದಾಟುವವರೆಗೆ ಗಾಡಿಯಲ್ಲಿ ಹಾಡು, ನಗೆ, ಸಜ್ಜೆ ರೊಟ್ಟಿಯ ವಾಸನೆ.

ಪಾರ್ಕಿನ ಗೇಟಿನಲ್ಲಿ ಫೋಟೊದವನು ನಮ್ಮನ್ನು ಸಾಲಾಗಿ ನಿಲ್ಲಿಸಿ, "ಯಾವ ದವಾಖಾನಿಯವ್ರ್ರಿ ನೀವು?" ಎಂದು ಕೇಳಿದ. ಎಲ್ಲರೂ ನಕ್ಕೆವು. ಕಸ್ತೂರಿ ಸಾಲಿನ ತುದಿಗೆ ನಿಂತಿದ್ದಳು. ಆಮೇಲೆ ಬಂದ ಫೋಟೊದಲ್ಲಿ ಅವಳ ಅರ್ಧ ಮುಖವಷ್ಟೇ ಇದೆ.

ಆನೆಯ ಹತ್ತಿರ ಬಂದಾಗ ನಾನು ಕೂಗಿದೆ. "ತಡೀರಿ, ಯಾರೂ ಹತ್ತಬ್ಯಾಡ್ರಿ! ಕಸ್ತೂರಿ ಮದಲ!"

"ನೀವು ಹೋಗ್ರಿ ಅಕ್ಕಾರ. ನಾ ಚೀಲ ನೋಡಕೋತ ಕುಂದರತೇನಿ."

"ಏ, ನೀನ ಹೇಳಿದ್ದಿಯಲ್ಲಾ!"

"ಅವಾಗ ಹೇಳಿದ್ನಿ. ಈಗ ಒಲ್ಲೆರಿ."

ಒತ್ತಾಯ ಮಾಡಿದೆವು, ಕೇಳಲಿಲ್ಲ. ನಾವು ಇಪ್ಪತ್ತು ಜನ ಜಾರಿದೆವು. ಪ್ರತಿಸಲ ಆನೆಯ ಹೊಟ್ಟೆಯ ಕತ್ತಲಿನಿಂದ ಬೆಳಕಿಗೆ ಬಂದು ಬಿದ್ದಾಗ ಎದುರಿಗೆ ಬೆಂಚಿನ ಮೇಲೆ ಅವಳೇ ಕಾಣುತ್ತಿದ್ದಳು. ಮಡಿಲಲ್ಲಿ ನನ್ನ ಕನ್ನಡಕ ಹಿಡಿದಿದ್ದಳು. ಕನ್ನಡಕವಿಲ್ಲದ್ದರಿಂದ ಅವಳ ಮುಖ ನನಗೆ ಸ್ಪಷ್ಟವಾಗಿರಲಿಲ್ಲ.

ಸಂಜೆ ಹೂಲಿಗೆ ಬಂದಾಗ ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಆಳೆತ್ತರದ ಜೋಳ, ಅದರಾಚೆ ಹಳೆಯ ಗುಡಿಯ ಕಲ್ಲು ಶಿಖರ. ಆಗಲೇ ಕುಳ್ಳಿನ ಕೆಂಡ ಸಿದ್ಧವಾಗಿತ್ತು. ಕಂಬಳಿ ಹಾಸಿ ಕೂತೆವು. ಚಳಿ ಇಳಿಯುತ್ತಿತ್ತು. ಸುಟ್ಟ ತೆನೆಗಳನ್ನು ಬಡಿದು ಉಜ್ಜುವ ಕೆಲಸಕ್ಕೆ ಕಸ್ತೂರಿ ಯಾರೂ ಹೇಳದೆಯೇ ಕೂತಳು. ಅಂಗೈ ಮಸಿಯಾಗಿತ್ತು, ಬೊಗಸೆಯಲ್ಲಿ ಹಸಿರು ಕಾಳು. ಊದಿ ಊದಿ ಹೊಟ್ಟು ಹಾರಿಸಿ ಒಬ್ಬೊಬ್ಬರ ತಾಟಿಗೂ ಹಾಕುತ್ತಿದ್ದಳು.

ಸರೋಜಕ್ಕನ ಹೊಟ್ಟೆ ತುಂಬಿತ್ತು, ಮನಸ್ಸೂ ತುಂಬಿತ್ತು. ಮೂರಂತಸ್ತಿನ ದನಿಯಲ್ಲಿ ಹೇಳಿಯೇಬಿಟ್ಟರು.

"ಕಸ್ತೂರಿ, ನಿನ್ನ ಸಲುವಾಗಿ ನೋಡವಾ ನಾವೆಲ್ಲಾ ಇವತ್ತ ನೀಲಿ ಉಟ್ಟೀವಿ! ಅಕ್ಕಾರು ಮನಿಮನಿ ತಿರುಗ್ಯಾರ. ನಿನ್ನ ಬಿಟ್ಟು ನಮಗ ಹಸರ ಯಾಕ ಬೇಕು?"

ಇಪ್ಪತ್ತು ತಲೆಗಳು ಅವಳ ಕಡೆ ತಿರುಗಿದವು. ಎಲ್ಲರ ಮುಖದಲ್ಲೂ ಪ್ರೀತಿ. ನಿಜವಾದ ಪ್ರೀತಿ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕಸ್ತೂರಿ ತೆನೆ ಉಜ್ಜುತ್ತಲೇ ಇದ್ದಳು. ಆ ತೆನೆಯಲ್ಲಿ ಕಾಳು ಉಳಿದಿರಲಿಲ್ಲ.

"ಹೌದ್ರಿ? ನನಗ ಗೊತ್ತಿರಲಿಲ್ಲ" ಎಂದಳು. ನಕ್ಕಳು. "ಭಾಳ ಉಪಕಾರ ಆತ್ರಿ."

ಕೈ ತೊಳೆಯಲು ಬಾವಿಯ ಕಡೆ ಹೋದಾಗ ನಾನೂ ಹಿಂದೆ ಹೋದೆ. "ಸಿಟ್ಟು ಬಂತೇನವಾ?" ಎಂದೆ.

"ಸಿಟ್ಟ ಯಾಕ್ರಿ? ಒಂದು ಹಸರ ಸೀರಿ ತಂದಿದ್ನಿ. ಇರಲಿ ಬಿಡ್ರಿ, ಮುತ್ತೈದಿ ಹುಣ್ಣಿಮಿಗೆ ಎಲ್ಲವ್ವಗ ಉಡಿ ತುಂಬತೇನಿ."

ನಮ್ಮ ಗುಡ್ಡದ ಎಲ್ಲಮ್ಮನ ವಿಷಯ ನಿಮಗೆ ಗೊತ್ತಿರಬಹುದು. ಚಳಿಗಾಲದ ಒಂದು ಹುಣ್ಣಿಮೆಗೆ ಅವಳ ಬಳೆ ಇಳಿಯುತ್ತದೆ, ಗಂಡನಿಲ್ಲದವಳಾಗುತ್ತಾಳೆ. ಮುಂದೆ ಮುತ್ತೈದೆ ಹುಣ್ಣಿಮೆ ಬಂದಾಗ ಮತ್ತೆ ಹಸಿರು ಬಳೆ ಇಡುತ್ತಾಳೆ. ನಾವು ಸೀತನಿ ತಿನ್ನುತ್ತಾ ಕೂತದ್ದು ಆ ಎರಡರ ನಡುವಿನ ದಿನಗಳಲ್ಲೇ. ದೇವಿಗೆ ವರ್ಷವರ್ಷವೂ ಆ ಹುಣ್ಣಿಮೆ ಬರುತ್ತದೆ. ಈ ಊರಿನಲ್ಲೇ ಹುಟ್ಟಿ ಬೆಳೆದ ನನಗೆ ಬಾವಿಯ ಕಟ್ಟೆಯ ಮೇಲೆ ನಿಂತಾಗ ಏನಾದರೂ ತಟ್ಟಬೇಕಿತ್ತಲ್ಲವೇ? ತಟ್ಟಲಿಲ್ಲ. "ಛಲೋ ಆತು, ಪುಣ್ಯದ ಕೆಲಸ" ಎಂದೆ.

ಇಲ್ಲಿಗೇ ಮುಗಿದಿದ್ದರೆ ನಾನು ಈ ವಾರ ನಳದ ಬಗ್ಗೆಯೇ ಬರೆಯುತ್ತಿದ್ದೆ.

ಹತ್ತು ದಿನದ ಮೇಲೆ ನನ್ನ ಎರಡು ಜಂಪರ್ (ರವಿಕೆ) ತರಲು ಟೇಲರ್ ಇಮಾಮಸಾಬನ ಅಂಗಡಿಗೆ ಹೋದೆ. ಮೂವತ್ತು ವರ್ಷದಿಂದ ನಮ್ಮ ಓಣಿಯ ಹೆಂಗಸರೆಲ್ಲ ದಪ್ಪಗಾದದ್ದು, ಸೊರಗಿದ್ದು ಮೊದಲು ತಿಳಿಯುವುದು ಅವನಿಗೇ. ನನ್ನ ಗಂಟು ಕೊಟ್ಟು, ಹಲಗೆಯ ಕೆಳಗಿನಿಂದ ಇನ್ನೊಂದು ಜಂಪರ್ ತೆಗೆದ.

"ಅಕ್ಕಾರ, ಬೂತಿನ ಕಸ್ತೂರಿಬಾಯಾರು ನಿಮಗ ಭೇಟಿ ಆಗತಾರಲ್ರಿ? ಇದನ್ನ ಏನ ಮಾಡ್ಲಿ ಕೇಳ್ರಿ."

ಎಲೆ ಹಸಿರು. ಕುತ್ತಿಗೆಗೆ ಸಣ್ಣ ಗೋಟು, ತೋಳಿಗೆ ಕೆಂಪು ಅಂಚು. ದೇವಿಯ ಉಡಿಗೆ ಇಡುವುದು ಖಣ, ಅಂದರೆ ಹೊಲಿಯದ ರವಿಕೆ ಬಟ್ಟೆ. ಇದು ಹೊಲಿದ ಜಂಪರ್. ಕಸ್ತೂರಿಯ ಅಳತೆಗೆ ಹೊಲಿದದ್ದು.

ನಾನು ಸ್ಟೂಲಿನ ಮೇಲೆ ಕೂತೆ.

"ಆರು ವರ್ಷದಾಗ ಒಮ್ಮೀನೂ ಬಂದಿರಲಿಲ್ರಿ ಅವ್ರು. ಮನಿಯಾಗ ಕೈಲೇ ಹೊಲಕೋತಿದ್ರು. ಈ ಸೀರಿ ಬೈಲಹೊಂಗಲಕ್ಕ ಹೋಗಿ ತಂದಾರಂತ, ಇಲ್ಲಿ ತಗೊಂಡ್ರ ನಾಲ್ಕ ಮಂದಿ ಕೇಳತಾರಂತ. 'ಇಮಾಮಣ್ಣ, ಎದ್ದ ಕಾಣಬಾರದು, ಆದ್ರ ಚಂದ ಕಾಣಬೇಕು, ಹಂಗ ಹೊಲಿ' ಅಂದ್ರು. ನಾ ನಕ್ಕೆ. 'ಎಲ್ಲಾರೂ ಹಸರ ಉಡಾವ್ರು ಅದಾರ, ಗುಂಪಿನ್ಯಾಗ ನನ್ನ ಯಾರ ನೋಡತಾರ' ಅಂತ ಅವ್ರೂ ನಕ್ಕರು. ಆಮ್ಯಾಲ ಒಂದಿನ ಬಂದು, 'ಹೊಲಿಗಿ ಎಲ್ಲಾ ಬಿಚ್ಚಿ ಬಟ್ಟಿ ಮಾಡಿಕೊಡು, ದೇವಿ ಉಡಿಗೆ ಇಡತೇನಿ' ಅಂದ್ರು. ಹೆಂಗ ಬಿಚ್ಚಲಿರಿ? ಒಮ್ಮೆ ಕತ್ತರಿ ಆಡಿಸಿದ ಮ್ಯಾಲ ಅದು ಮತ್ತ ಖಣ ಆಗತೈತೇನ್ರಿ?"

ಓದುಗರೇ, ಮರೆತು ಹೇಳಿದ್ದಲ್ಲ ಅದು. ಆ ಗುರುವಾರ ಹಿಂದಿನ ಸಾಲಿನಲ್ಲಿ ಕೂತು, ಕೆಂಪು ಹಳದಿ ಕಪ್ಪು ಎಲ್ಲ ಬಿದ್ದುಹೋಗುವವರೆಗೆ ಕಾದು, ಧೈರ್ಯ ಕೂಡಿಸಿಕೊಂಡು ಆಡಿದ ಮಾತು. ಆರು ವರ್ಷದಲ್ಲಿ ಅವಳಿಗೊಂದು ನೆಪ ಸಿಕ್ಕಿತ್ತು. ಇಪ್ಪತ್ತು ಹಸಿರಿನ ನಡುವೆ ಇಪ್ಪತ್ತೊಂದನೆಯ ಹಸಿರಾಗಿ ಒಂದು ಹಗಲು ಇದ್ದುಬಿಡುವ ಅವಕಾಶ. ಅದನ್ನು ಕಿತ್ತುಕೊಂಡವರು ಯಾರೋ ಜರಿ ಟೋಪಿಯ ಹಳೆಯ ಹಿರಿಯರಲ್ಲ. ಓಣಿಯ ಕೆಟ್ಟ ನಾಲಿಗೆಯವರೂ ಅಲ್ಲ. ಮಹಿಳಾ ದಿನಾಚರಣೆಗೆ ಭಾಷಣ ಮಾಡುವ, ವಾರಕ್ಕೊಮ್ಮೆ ನಿಮಗೆ ಬುದ್ಧಿ ಹೇಳುವ ನಾನು.

'ಪಾಪ' ಎನ್ನುವುದು ಎಂಥ ಸಲೀಸಾದ ಮಾತು ನೋಡಿ. ಒಮ್ಮೆ ಒಬ್ಬರನ್ನು ಪಾಪ ಎಂದುಬಿಟ್ಟರೆ ಮುಗಿಯಿತು, ಆಮೇಲೆ ಅವರನ್ನು ಏನೂ ಕೇಳಬೇಕಾಗಿಲ್ಲ. ಪಾಪ, ಅವನಿಗೆ ಗಣಿತ ಕಷ್ಟ ಎಂದು ನಾನೇ ಎಷ್ಟು ಹುಡುಗರ ಫಾರ್ಮಿನಲ್ಲಿ ಬೇರೆ ವಿಷಯ ಬರೆಸಿಲ್ಲ? ಪಾಪ, ಅವರಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ನಮ್ಮ ಸೋದರತ್ತೆಯನ್ನು ಎಷ್ಟು ಮದುವೆಗಳಿಗೆ ಕರೆಯದೇ ಬಿಟ್ಟಿಲ್ಲ? ಅವರು ಕೇಳಿದ್ದರೇ, ನನ್ನ ಮೊಣಕಾಲಿನ ಚಿಂತೆ ನೀವು ಮಾಡಿ ಎಂದು? ಬೈದವರ ಮೇಲೆ ತಿರುಗಿ ಬೀಳಬಹುದು. ಮರುಗಿದವರ ಮೇಲೆ ಹೇಗೆ ಬೀಳುವುದು? "ಭಾಳ ಉಪಕಾರ ಆತ್ರಿ" ಎನ್ನಬೇಕಾಗುತ್ತದೆ.

ಜಂಪರನ್ನು ಕಾಗದದಲ್ಲಿ ಸುತ್ತಿಸಿಕೊಂಡು ಬೂತಿಗೆ ಹೋದೆ. ಗೋಡೆಯ ಮೇಲೆ ಆನೆ ಇನ್ನೂ ಇತ್ತು. ಗಂಟು ಅವಳ ಮುಂದಿಟ್ಟೆ. ಅವಳಿಗೆ ತಿಳಿಯಿತು. ನನಗೆ ಅಳು ಬಂತು. ಅವಳಿಗೆ ಬರಲಿಲ್ಲ.

"ನಿಮ್ಮತ್ತಿ ಏನಾದ್ರೂ ಅಂತಿದ್ರೇನೋ ಅಂತ ನಾ..." ಎಂದೇನೋ ತೊದಲಿದೆ.

"ನಮ್ಮತ್ತಿಗೆ ಮದಲ ಕೇಳಿದ್ನೆರಿ. ಹಿಂಗಿಂಗ ಥೀಮ್ ಐತಿ ಅತ್ತಿ, ಎಲ್ಲಾರೂ ಹಸರ ಉಡಬೇಕಂತ, ನಾ ಏನ ಮಾಡ್ಲಿ ಅಂದ್ನಿ. 'ಎಲ್ಲಾರೂ ಉಡತಾರಂದ್ರ ನೀನೂ ಉಡವಾ' ಅಂದ್ರು. ತಮ್ಮ ಟ್ರಂಕಿನ್ಯಾಗಿನ ಹಸರ ಸೀರಿನ ಕೊಡಾಕ ಬಂದಿದ್ರು. ಹಳೇದು, ಹಿಂಜತೈತಿ ಅಂತ ನಾನ ಹೊಸಾದು ತಂದ್ನಿ."

ಎಪ್ಪತ್ತು ದಾಟಿದ, ಸಹಿ ಮಾಡಲು ಬಾರದ ಆ ಅತ್ತೆ ಒಪ್ಪಿದ್ದರು.

ನಾನು ಅವಳ ಕೈ ಹಿಡಿದೆ. "ಮುಂದಿನ ವರ್ಷ ಎಲ್ಲಾರೂ ಹಸರ ಉಡೂಣು ಕಸ್ತೂರಿ. ನಾನ ಎಲ್ಲಾರಿಗೂ ಹೇಳತೇನಿ."

"ಬ್ಯಾಡ್ರಿ ಅಕ್ಕಾರ." ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. "ಅವತ್ತ ಉಟ್ಟಿದ್ರ ಯಾರಿಗೂ ಗೊತ್ತಾಗತಿರಲಿಲ್ಲ. ಈಗ ಮನಿಮನಿಗೆ ಗೊತ್ತಾಗೇತಿ, ಕಸ್ತೂರಿ ಹಸರ ಉಡೂದಿಲ್ಲಂತ. ಇನ್ನ ನಾ ಉಟ್ರ ಎಲ್ಲಾರೂ ನನ್ನ ನೋಡತಾರ್ರಿ."

ಯಾರೋ ಧಾರವಾಡಕ್ಕೆ ಫೋನು ಮಾಡಲು ಬಂದರು. ಅವಳು ನಂಬರ್ ಒತ್ತಿ ರಿಸೀವರ್ ಕೊಟ್ಟಳು. ಅವರು ಮಾತು ಮುಗಿಸುವವರೆಗೆ ನಾನು ಕೂತಿದ್ದು, ಈ ವಿಷಯ ಬರೆಯಲೇ ಎಂದು ಕೇಳಿದೆ. ಈ ಪತ್ರಿಕೆ ಅವಳ ಬೂತಿಗೂ ಬರುತ್ತದೆ. ಅವಳು ಸ್ವಲ್ಪ ಯೋಚಿಸಿ, "ಬರೀರಿ. ಹೆಸರು ಮಾತ್ರ ಬ್ಯಾಡ" ಎಂದಳು. ಹಾಗಾಗಿ ಕಸ್ತೂರಿ ಅವಳ ಹೆಸರಲ್ಲ. ಜಂಪರಿನ ಗಂಟನ್ನು ಅವಳು ಬಿಚ್ಚಿ ನೋಡಲಿಲ್ಲ. ಮೇಜಿನ ಕೆಳಗಿನ ಡ್ರಾವರಿನಲ್ಲಿ, ಹಳೆಯ ಬಿಲ್ಲಿನ ಕಾಗದಗಳ ಅಡಿಯಲ್ಲಿ ಇಟ್ಟಳು.

ನಾಲ್ಕು ಸಂಜೆ, ಹತ್ತೊಂಬತ್ತು ಮನೆ. ಪ್ರತಿ ಹೊಸ್ತಿಲಲ್ಲೂ ನಿಂತು "ನಿಮಗ ನಡೀತೈತೇನ್ರಿ?" ಎಂದು ಕೇಳಿದ ನಾನು, ಇಪ್ಪತ್ತನೆಯ ಹೊಸ್ತಿಲಿಗೆ ಮಾತ್ರ ಕೇಳಲಿಕ್ಕಲ್ಲ, ಹೇಳಲಿಕ್ಕೆ ಹೋದದ್ದು ಯಾಕೆ?